ಮಂಡ್ಯದ ಕಥೆಗೆ ಯಾವ ಉಗಿಬಂಡಿ? ಚಿತ್ರತಂಡಗಳಿಗೊಂದು ಹೋಲಿಕೆ

ಸ್ಕ್ರಿಪ್ಟಿನಲ್ಲಿ "ಹೊಗೆ ಉಗುಳುತ್ತ ರೈಲು ಬಂದು ನಿಲ್ಲುತ್ತದೆ" ಎಂದು ಬರೆಯಲು ಅರ್ಧ ಸಾಲು ಸಾಕು. ಅದನ್ನು ತೆಗೆಯಲು ಮೈಸೂರು, ಮಂಡ್ಯ ಕಡೆಯ ತಂಡಕ್ಕೆ ಇರುವ ದಾರಿಗಳು ಇವು: ಮೆಟ್ಟುಪಾಳ್ಯಂನಿಂದ ಊಟಿಗೆ ಹತ್ತುವ ನೀಲಗಿರಿ ರೈಲು, ಹರಿಯಾಣದ ರೇವಾರಿ ಶೆಡ್ಡಿನ ಇಂಜಿನ್‌ಗಳು, ಮೈಸೂರಿನ ರೈಲ್ವೆ ಮ್ಯೂಸಿಯಂ, ಆರ್ಟ್ ಡಿಪಾರ್ಟ್‌ಮೆಂಟ್ ಕಟ್ಟುವ ಸೆಟ್, ಮತ್ತು ಈಗಿನ ಹಳಿಯ ಮೇಲೆ ಚಿತ್ರೀಕರಿಸಿ ಗ್ರಾಫಿಕ್ಸಿನಲ್ಲಿ ಇಂಜಿನ್ ಕೂರಿಸುವುದು. ನಿಜವಾದ ಇಂಜಿನ್ ಸಿಕ್ಕಿಬಿಟ್ಟರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದು ನಂಬುವವರೇ ಹೆಚ್ಚು. ನಮ್ಮ ಲೆಕ್ಕ ಬೇರೆ. ಈ ಸೀಮೆಯ ಬಹುಪಾಲು ಕಥೆಗಳಿಗೆ ಓಡುವ ಇಂಜಿನ್ ಬೇಡ, ಚೆನ್ನಾಗಿ ಕಟ್ಟಿದ ಅರ್ಧ ಬೋಗಿ ಬೇಕು.

ಮೊದಲು ಗೇಜ್ ತೀರ್ಮಾನವಾಗಲಿ

ಬೆಂಗಳೂರಿನಿಂದ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಮೂಲಕ ಮೈಸೂರಿನವರೆಗೆ 1882ರಲ್ಲಿ ಪೂರ್ಣಗೊಂಡ ಹಾದಿ ಮೀಟರ್ ಗೇಜ್. ಎರಡು ಹಳಿಗಳ ನಡುವೆ 1000 ಮಿ.ಮೀ. ಅಂತರ. 1990ರ ದಶಕದಲ್ಲಿ ಅದು 1676 ಮಿ.ಮೀ.ನ ಬ್ರಾಡ್ ಗೇಜ್ ಆಯಿತು. ಮೈಸೂರು–ಚಾಮರಾಜನಗರ ಮಾರ್ಗ 2008ರ ಹೊತ್ತಿಗೆ ಬದಲಾಯಿತು. ಆದ್ದರಿಂದ 1940, 1960, 1980 ಯಾವುದೇ ಇರಲಿ, ಮಂಡ್ಯದ ಸ್ಟೇಷನ್ನಿಗೆ ಉಗಿಬಂಡಿ ಬರುವ ದೃಶ್ಯವೆಂದರೆ ಅದು ಮೀಟರ್ ಗೇಜ್ ಬಂಡಿಯೇ.

ಇದು ರೈಲು ಹುಚ್ಚರ ಚಿಲ್ಲರೆ ತಕರಾರಲ್ಲ, ಪರದೆಯ ಮೇಲೆ ಎದ್ದು ಕಾಣುತ್ತದೆ. ಮೀಟರ್ ಗೇಜ್ ಬೋಗಿಯ ಅಗಲ ಸುಮಾರು 2.7 ಮೀಟರ್. ಈಗ ನಾವು ನೋಡುವ, ಚೆನ್ನೈನ ಐಸಿಎಫ್ ಕಾರ್ಖಾನೆಯ ಮಾದರಿಯ ಬ್ರಾಡ್ ಗೇಜ್ ಬೋಗಿಯ ಅಗಲ ಸುಮಾರು 3.25 ಮೀಟರ್, ಉದ್ದ 21.3 ಮೀಟರ್. ಮೀಟರ್ ಗೇಜ್ ಬೋಗಿಯ ತುದಿಯಲ್ಲಿ ನಡುಮಧ್ಯೆ ಒಂದೇ ಬಫರ್ (ಗುದ್ದು ತಾಳುವ ಗುಂಡಿ), ಅದರಲ್ಲೇ ಕೊಂಡಿ. ಐಸಿಎಫ್ ಬೋಗಿಯ ತುದಿಯಲ್ಲಿ ಎಡಬಲ ಎರಡು ಬಫರ್, ನಡುವೆ ತಿರುಪಿನ ಕೊಂಡಿ. ಎರಡು ಬೋಗಿಗಳ ನಡುವಿನಿಂದ ಹೀರೋ ಇಣುಕುವ ಶಾಟ್ ಇದ್ದರೆ ಈ ವ್ಯತ್ಯಾಸ ಇಡೀ ಫ್ರೇಮ್ ತುಂಬಿರುತ್ತದೆ.

ಹಿಂದಿ ಚಿತ್ರಗಳಲ್ಲಿ ಕಂಡು ಎಲ್ಲರ ಮನಸ್ಸಿನಲ್ಲಿ ಕೂತಿರುವ ಗುಂಡು ಮೂತಿಯ ದೊಡ್ಡ ಇಂಜಿನ್ ಡಬ್ಲ್ಯುಪಿ. 1947ರಲ್ಲಿ ಬಂದ ಬ್ರಾಡ್ ಗೇಜ್ ಇಂಜಿನ್ ಅದು. ಬೆಂಗಳೂರು–ಮದ್ರಾಸು ಕಡೆಯ ಕಥೆಗೆ ಸರಿ, ಮಂಡ್ಯದ ಕಥೆಗೆ ಆಗದು. 1950ರ ನಂತರದ ಈ ಕಡೆಯ ಪ್ರಯಾಣಿಕರ ಬಂಡಿಗೆ ಮಾದರಿ ಬೇಕಾದರೆ ವೈಪಿ ವರ್ಗದ ಇಂಜಿನ್ನಿನ ಚಿತ್ರಗಳನ್ನು ಎದುರಿಗಿಟ್ಟುಕೊಳ್ಳಿ. ಮುಂದೆ ನಾಲ್ಕು ಚಿಕ್ಕ ಗಾಲಿ, ನಡುವೆ 1372 ಮಿ.ಮೀ. ವ್ಯಾಸದ ಆರು ದೊಡ್ಡ ಗಾಲಿ, ಹಿಂದೆ ಎರಡು, ಆಮೇಲೆ ಕಲ್ಲಿದ್ದಲು–ನೀರು ಹೊತ್ತ, ಟೆಂಡರ್ ಎನ್ನುವ ಹಿಂಬಂಡಿ.

ಗಾಲಿ ತಿರುಗುವ ಶಾಟ್ ಎಷ್ಟು?

ಗೇಜ್ ಆದ ಮೇಲೆ ಸ್ಟೋರಿಬೋರ್ಡಿನಲ್ಲಿರುವ ರೈಲಿನ ಶಾಟ್‌ಗಳನ್ನು ಮೂರು ಗುಂಪು ಮಾಡಿ: ಇಡೀ ಇಂಜಿನ್ ಕಾಣುತ್ತ ಗಾಲಿ ತಿರುಗಬೇಕಾದವು, ಇಂಜಿನ್ ನಿಂತು ಹೊಗೆ, ಆವಿ ಬಿಡುವಂಥವು, ಮೂರನೆಯದಾಗಿ ಬೋಗಿಯ ಒಳಗಿನ, ಕಿಟಕಿಯ, ಬಾಗಿಲಿನ ಶಾಟ್‌ಗಳು. ಸಾಮಾನ್ಯವಾಗಿ ಮೂರನೆಯ ಗುಂಪೇ ಉದ್ದವಾಗಿರುತ್ತದೆ, ಮಾತೆಲ್ಲ ಇರುವುದು ಅಲ್ಲೇ. ಮೊದಲ ಗುಂಪಿನಲ್ಲಿ ನಾಲ್ಕೈದು ಶಾಟ್ ಮಾತ್ರ ಉಳಿದರೆ ಓಡುವ ಇಂಜಿನ್ನಿಗಾಗಿ ಇಡೀ ಯೂನಿಟ್ ಸಾಗಿಸುವ ಮಾತನ್ನೇ ಬಿಡಿ. ಕ್ಯಾಮೆರಾಮನ್, ಸಹಾಯಕ ನಿರ್ದೇಶಕ, ಇಬ್ಬರು ಡ್ಯೂಪ್ ಹೋಗಿ ಬಂದರೆ ಸಾಕು.

ನೀಲಗಿರಿ: ಹತ್ತಿರವಿದೆ, ಹೊಂದುವುದು ಸ್ವಲ್ಪವೇ

ಮೈಸೂರಿನವರಿಗೆ ಮೊದಲು ನೆನಪಾಗುವುದು ಊಟಿ ರೈಲು. ಗೇಜ್ ಸರಿಯಾಗಿದೆ, ಇಂಜಿನ್‌ಗಳು ಜೀವಂತವಾಗಿವೆ. ಆದರೆ ಅದು ಗುಡ್ಡ ಹತ್ತಲೆಂದೇ ಹುಟ್ಟಿದ ಬಂಡಿ. ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿಗಳ ನಡುವೆ, ಏರಿನಲ್ಲಿ ಬಂಡಿ ಜಾರದಂತೆ ಇಂಜಿನ್ನಿನ ಹಲ್ಲುಗಾಲಿ ಕಚ್ಚಿ ಹತ್ತುವ ಹಲ್ಲಿನ ಪಟ್ಟಿ ಓಡುತ್ತದೆ. ಏರು 12 ಅಡಿಗೆ ಒಂದು ಅಡಿ. ಎದುರಿನಿಂದ ಅಥವಾ ಡ್ರೋನ್‌ನಿಂದ ತೆಗೆದರೆ ಆ ಹಲ್ಲುಪಟ್ಟಿ ಕಂಡೇ ಕಾಣುತ್ತದೆ. ಹತ್ತುವಾಗ ಇಂಜಿನ್ ಹಿಂದಿದ್ದು ಬೋಗಿಗಳನ್ನು ತಳ್ಳುತ್ತದೆ. ಇಂಜಿನ್ ಮುಂದಿರುವ ಶಾಟ್ ಬೇಕೆಂದರೆ ಇಳಿಯುವಾಗ ತೆಗೆಯಬೇಕು, ಇಳಿಯುವಾಗ ಇಂಜಿನ್ ಬ್ರೇಕಿನ ಕೆಲಸ ಮಾಡುತ್ತಿರುತ್ತದೆಯೇ ಹೊರತು ಎಳೆಯುವುದಿಲ್ಲ. ಹೊಗೆಯ ಗತ್ತೂ ಇಲ್ಲ, ಛುಕ್‌ಛುಕ್ ಸದ್ದೂ ಇಲ್ಲ. ಅದೂ ಅಲ್ಲದೆ ಎಕ್ಸ್ ವರ್ಗದ ಈ ಇಂಜಿನ್‌ಗಳು ಟೆಂಡರ್ ಇಲ್ಲದವು, ನೀರಿನ ತೊಟ್ಟಿ ಬಾಯ್ಲರಿನ ಪಕ್ಕದಲ್ಲೇ ಇರುತ್ತದೆ. ಕೂನೂರಿನಿಂದ ಊಟಿಗೆ ಹಲ್ಲುಪಟ್ಟಿ ಇಲ್ಲ, ನಿಜ. ಆದರೆ ಅಲ್ಲಿ ಸಾಮಾನ್ಯವಾಗಿ ಓಡುವುದು ಡೀಸೆಲ್, ಹಿನ್ನೆಲೆಯಲ್ಲಿ ನೀಲಗಿರಿ ಮರ, ಚಹಾ ತೋಟ. ಕಬ್ಬಿನ ಗದ್ದೆಯೊಂದಿಗೆ ಕೂಡಿಸಿ ಎಡಿಟ್ ಮಾಡಲು ಸಾಧ್ಯವೇ ಇಲ್ಲ.

ಉಳಿಯುವುದು ಒಂದು ತುಂಡು: ಮೆಟ್ಟುಪಾಳ್ಯಂನಿಂದ ಕಲ್ಲಾರ್‌ವರೆಗಿನ ಸುಮಾರು 8 ಕಿ.ಮೀ. ಬಯಲು. ಹಲ್ಲುಪಟ್ಟಿ ಇಲ್ಲ, ಅಡಿಕೆ ತೋಟಗಳಿವೆ, ಗುಡ್ಡವನ್ನು ಬೆನ್ನಿಗೆ ಹಾಕಿ ಕ್ಯಾಮೆರಾ ಇಟ್ಟರೆ ನಮ್ಮ ಕಡೆಯ ನೆಲದಂತೆ ಕಾಣುತ್ತದೆ. ಮೆಟ್ಟುಪಾಳ್ಯಂ ಕಡೆಗೆ ಮರಳುವಾಗ ಇಂಜಿನ್ ಮುಂದಿರುತ್ತದೆ. ಗಾಲಿ, ಗಾಲಿಗಳನ್ನು ಜೋಡಿಸುವ ಸರಳು, ಆವಿ, ಸೈಡ್ ಶಾಟ್ ಎಲ್ಲ ಇಲ್ಲೇ ತೆಗೆಯಿರಿ. ಬೋಗಿಯ ನೀಲಿ–ಕೆನೆ ಬಣ್ಣವನ್ನು ಗ್ರೇಡಿಂಗ್‌ನಲ್ಲಿ (ಎಡಿಟ್ ಆದ ಮೇಲೆ ಬಣ್ಣ ತಿದ್ದುವಾಗ) ಕಂದು ಕೆಂಪಿಗೆ ತಿರುಗಿಸುವುದು ಕಷ್ಟವಲ್ಲ, ಆಕಾಶ ಮತ್ತು ಪಾತ್ರಧಾರಿಯ ನೀಲಿ ಬಟ್ಟೆ ಫ್ರೇಮಿನಲ್ಲಿ ಬಾರದಂತೆ ನೋಡಿಕೊಂಡರೆ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇಲ್ಲಿಗೆ ಶೆಡ್ಯೂಲ್ ಹಾಕಬೇಡಿ. ಹಿಂಗಾರು ಮಳೆಗೆ ಹಳಿಯ ಮೇಲೆ ಮಣ್ಣು ಕುಸಿದು ಓಡಾಟ ನಿಲ್ಲುವುದು ಆಗಾಗ ನಡೆಯುತ್ತದೆ. ಜನರೇಟರ್ ವ್ಯಾನ್ ಮತ್ತು ಲೈಟಿನ ಲಾರಿಗೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಮಸಿನಗುಡಿ–ಕಲ್ಹಟ್ಟಿ ಘಾಟಿಯ 36 ತಿರುವುಗಳಿಗೆ ಭಾರಿ ವಾಹನ ಹೊಂದದು, ಗೂಡಲೂರಿನ ಮೇಲೆ ಹೋಗಬೇಕು. ನೀಲಗಿರಿ ಜಿಲ್ಲೆಗೆ 2024ರಿಂದ ಇ–ಪಾಸ್ ಕಡ್ಡಾಯವಾಗಿದೆ, ಪ್ರತಿ ವಾಹನಕ್ಕೂ ಮೊದಲೇ ತೆಗೆದಿಟ್ಟುಕೊಳ್ಳಿ. ಮೆಟ್ಟುಪಾಳ್ಯಂ ಮಾತ್ರ ಸಾಕೆಂದರೆ ಚಾಮರಾಜನಗರ, ಸತ್ಯಮಂಗಲದ ದಾರಿಯಿದೆ. ಅಲ್ಲಿನ ದಿಂಬಂ ಘಾಟಿಗೂ ರಾತ್ರಿಯ ನಿರ್ಬಂಧವುಂಟು.

ರೇವಾರಿ

1893ರ ಹಳೆಯ ಶೆಡ್ಡು. ದುರಸ್ತಿಯಾದ ಬ್ರಾಡ್ ಗೇಜ್ ಇಂಜಿನ್‌ಗಳು, ಅದರಲ್ಲೂ ‘ಅಕ್ಬರ್’ ಎಂಬ ಹೆಸರಿನ ಡಬ್ಲ್ಯುಪಿ 7161, ಹಿಂದಿ ಚಿತ್ರರಂಗಕ್ಕೆ ಚೆನ್ನಾಗಿ ಪರಿಚಿತ. ಕೆಲಸ ತಿಳಿದ ಡ್ರೈವರ್, ಫೈರ್‌ಮನ್‌ಗಳು ಅಲ್ಲಿಯೇ ಸಿಗುತ್ತಾರೆ, ಇದು ದೊಡ್ಡ ಅನುಕೂಲ. ನಮ್ಮ ಕಥೆಗೆ ತೊಡಕು ಎರಡು. ಸುತ್ತಲಿನ ಮಾರ್ಗಗಳೆಲ್ಲ ಬ್ರಾಡ್ ಗೇಜ್ ಆಗಿರುವುದರಿಂದ ಮೀಟರ್ ಗೇಜ್ ಇಂಜಿನ್ನಿಗೆ ಉದ್ದಕ್ಕೆ ಓಡಲು ಹಳಿಯಿಲ್ಲ. ಮತ್ತೆ ಆ ನೆಲ: ಒಣ ಬಯಲು, ಸಾಸಿವೆ ಹೊಲ. ತೆಂಗು, ಭತ್ತ, ನಾಲೆ ತೋರಿಸಿದ ಕಥೆಯ ನಡುವೆ ಅದು ಬಂದರೆ ನೋಡುವವನಿಗೆ ಕಾರಣ ತಿಳಿಯದಿದ್ದರೂ ಏನೋ ಸರಿಯಿಲ್ಲ ಎನಿಸುತ್ತದೆ. ರಾತ್ರಿ ದೃಶ್ಯವಾದರೆ, ಅದೂ ಬೆಂಗಳೂರಿನ ಬ್ರಾಡ್ ಗೇಜ್ ಪ್ಲಾಟ್‌ಫಾರ್ಮ್ ಎಂದಾದರೆ, ರೇವಾರಿಗಿಂತ ಒಳ್ಳೆಯ ಜಾಗವಿಲ್ಲ.

ಇಲ್ಲಿ ಒಂದು ಮಾತು, ನೀಲಗಿರಿಗೂ ಅನ್ವಯಿಸುತ್ತದೆ. ತಣ್ಣಗಿರುವ ದೊಡ್ಡ ಬಾಯ್ಲರಿಗೆ ಬೆಂಕಿ ಹಾಕಿ ಪೂರ್ತಿ ಒತ್ತಡಕ್ಕೆ ತರಲು 8 ಗಂಟೆಗೂ ಮೇಲೆ ಹಿಡಿಯಬಹುದು. ಅವಸರ ಮಾಡಿದರೆ ತಗಡು, ಕೊಳವೆಗಳು ಒಂದೇ ಸಮನೆ ಹಿಗ್ಗದೆ ಸಂದುಗಳು ಸೋರುತ್ತವೆ. ಕಾಲ್‌ಶೀಟಿನಲ್ಲಿ ಬೆಳಿಗ್ಗೆ 6 ಎಂದಿದ್ದರೆ ಬೆಂಕಿ ಹಿಂದಿನ ರಾತ್ರಿಯೇ ಬೀಳಬೇಕು. ಡೈರೆಕ್ಟರು ತಡ ಮಾಡಿದರೆ ಒತ್ತಡ ಮಿತಿ ತಲುಪಿ ಸೇಫ್ಟಿ ವಾಲ್ವ್ ಬಾಯಿಬಿಡುತ್ತದೆ, ಆ ಭೋರ್ಗರೆತ ನಿಲ್ಲುವವರೆಗೆ ಸಿಂಕ್ ಸೌಂಡ್ (ಸ್ಥಳದಲ್ಲೇ ಮಾತು ಮುದ್ರಿಸುವುದು) ಕೈಬಿಡಬೇಕು. ಹೊರಡುವ ಶಾಟಿನಲ್ಲಿ ಗಾಲಿಯ ಬಳಿ ಬಿಳಿ ಆವಿ ಚಿಮ್ಮಬೇಕಿದ್ದರೆ ಸಿಲಿಂಡರಿನ ಡ್ರೈನ್ ಕಾಕ್ ತೆರೆದಿಡುವಂತೆ ಡ್ರೈವರಿಗೆ ಹೇಳಿ. ಒಳಗೆ ನಿಂತ ನೀರನ್ನು ಹೊರಹಾಕಲು ಮೊದಲ ಕೆಲವು ಸುತ್ತು ಹೇಗೂ ತೆರೆದಿರುತ್ತಾರೆ.

ಆವಿ ಕಾಣುವುದು ಚಳಿಯಲ್ಲಿ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಅದು ಹೊರಬಂದ ಕ್ಷಣವೇ ಕರಗಿಹೋಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ, ಸೂರ್ಯ ಇಂಜಿನ್ನಿನ ಹಿಂದಿರುವಂತೆ ಕ್ಯಾಮೆರಾ ಇಟ್ಟರೆ ಅದೇ ಆವಿ ಮೂರು ಪಟ್ಟು ಕಾಣುತ್ತದೆ.

ಮೈಸೂರಿನ ಮ್ಯೂಸಿಯಂ

ಕೆಆರ್‌ಎಸ್ ರಸ್ತೆಯಲ್ಲಿ, ಸ್ಟೇಷನ್ ಹತ್ತಿರ, 1979ರಲ್ಲಿ ಆರಂಭವಾದದ್ದು. 1899ರ ಮಹಾರಾಣಿಯವರ ಸಲೂನ್, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರು, ಇಎಸ್ 506 ಇಂಜಿನ್, ಕೈಮರ, ದೀಪ, ಟಿಕೆಟ್ ಯಂತ್ರ ಎಲ್ಲ ಒಂದೇ ಅಂಗಳದಲ್ಲಿವೆ. ಇಂಜಿನ್ ಓಡುವುದಿಲ್ಲ. ಕಟ್ಟಡ, ರಸ್ತೆ, ಬೇಲಿ ಸುತ್ತ ಇರುವುದರಿಂದ ವೈಡ್ ಶಾಟ್ ಆಗದು, ಹಾರ್ನ್ ಸದ್ದಿನಿಂದ ಲೈವ್ ಆಡಿಯೊವೂ ಕಷ್ಟ. ಆದರೂ ಈ ಜಾಗವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಡ್ರೈವರನ ಕೈ, ಒತ್ತಡ ತೋರಿಸುವ ಮೀಟರಿನ ಮುಳ್ಳು, ಸರಳು ಗಾಲಿಗೆ ಸೇರುವ ಕ್ರ್ಯಾಂಕ್, ನೇಮ್ ಪ್ಲೇಟು, ಮೆಟ್ಟಿಲ ಮೇಲಿನ ಕಾಲು, ಇಂಥ ಕ್ಲೋಸಪ್‌ಗಳು ಸೆಟ್ಟಿನ ಸುಳ್ಳನ್ನು ಮುಚ್ಚುತ್ತವೆ. ಅವನ್ನು ಇಲ್ಲಿ ಒಂದು ದಿನದಲ್ಲಿ ಮುಗಿಸಬಹುದು. ಸೆಟ್ ಕಟ್ಟುವವರು ಅಳತೆಪಟ್ಟಿ ಹಿಡಿದು ಮೊದಲು ಬರಬೇಕಾದದ್ದೂ ಇಲ್ಲಿಗೇ.

ಮರದ ಸಲೂನಿನೊಳಗೆ ಮೊಳೆ, ಅಂಟು, ಹೊಗೆ ಯಂತ್ರ, ಬಿಸಿಯಾಗುವ ದೀಪ ಬೇಡವೇ ಬೇಡ. ಎಲ್‌ಇಡಿ ಮಾತ್ರ, ಅದೂ ಕಿಟಕಿಯ ಹೊರಗಿನಿಂದ. ನಿಂತ ಇಂಜಿನ್ನಿನ ಹೊಗೆಕೊಳವೆಯಿಂದ ಹೊಗೆ ಬೇಕಿದ್ದರೆ ಹಳೆಯ ಟೈರ್ ಸುಡುವ ಪದ್ಧತಿ ಬಿಡಿ. ಮಸಿ ಮುದ್ದೆಮುದ್ದೆಯಾಗಿ ಬೀಳುತ್ತದೆ, ಕಲಾವಿದರು ಕೆಮ್ಮುತ್ತಾರೆ, ಅನುಮತಿಯೂ ಹೋಗುತ್ತದೆ. 1500 ವಾಟ್‌ನ ಎರಡು ಹೊಗೆ ಯಂತ್ರಗಳ ಬಾಯಿಗೆ ಅಗಲದ ಕೊಳವೆ ಜೋಡಿಸಿ, ಕೆಳಗೊಂದು ಸಣ್ಣ ಬ್ಲೋವರ್ ಇಟ್ಟು, ಬಿಟ್ಟು ಬಿಟ್ಟು ಊದಿದರೆ ಸಾಕು. ಬೂದು ಬಣ್ಣವನ್ನು ಗ್ರೇಡಿಂಗ್‌ನಲ್ಲಿ ತರಬಹುದು. ಎಷ್ಟೋ ಚಿತ್ರಗಳಲ್ಲಿ ಹೊಗೆ ಕಪ್ಪಗೆ ದಟ್ಟವಾಗಿ ಏಳುತ್ತಿರುತ್ತದೆ. ಅಂಥ ಹೊಗೆ ಬಿಟ್ಟ ಫೈರ್‌ಮನ್‌ನನ್ನು ಆಗಿನ ಡ್ರೈವರು ಬೈಯದೆ ಬಿಡುತ್ತಿರಲಿಲ್ಲ, ಅದು ಕಲ್ಲಿದ್ದಲು ಪೂರ್ತಿ ಉರಿಯದೆ ವ್ಯರ್ಥವಾಗುವ ಲಕ್ಷಣ.

ಸೆಟ್: ಹೆಚ್ಚಿನ ಹಣ ಇಲ್ಲಿ ಹಾಕಿ

ಇಡೀ ಬೋಗಿ ಕಟ್ಟಬೇಡಿ. ಎದುರುಬದುರು ಬೆಂಚುಗಳಿರುವ ಮೂರು ಅಂಕಣ, ಒಂದು ಬಾಗಿಲು, ಸೇರಿ ಸುಮಾರು ಐದೂವರೆ ಮೀಟರ್ ಉದ್ದ ಸಾಕು. ಬೆಂಚಿನ ಆಳ 45 ಸೆಂ.ಮೀ., ಎರಡು ಬೆಂಚಿನ ನಡುವೆ 50ರಿಂದ 55 ಸೆಂ.ಮೀ. ಕ್ಯಾಮೆರಾಗೆ ಜಾಗ ಸಿಗಲೆಂದು ಅಗಲ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. ಮೊಣಕಾಲಿಗೆ ಮೊಣಕಾಲು ತಾಗುವುದೇ ಮೀಟರ್ ಗೇಜ್ ಮೂರನೇ ದರ್ಜೆಯ ನಿಜ, ಅದನ್ನು ಕಳೆದುಕೊಂಡರೆ ಸೆಟ್ ಮದುವೆ ಛತ್ರದ ಊಟದ ಹಾಲ್‌ನಂತೆ ಕಾಣುತ್ತದೆ. ಅಗಲಕ್ಕೆ ಕೈ ಹಾಕುವ ಬದಲು ಗೋಡೆಗಳನ್ನು ಬಿಚ್ಚುವಂತೆ ಮಾಡಿ. ಚೌಕಟ್ಟಿಗೆ 50 ಮಿ.ಮೀ. ಚೌಕದ ಕಬ್ಬಿಣದ ಪೈಪು, ಗೋಡೆಗೆ 12 ಮಿ.ಮೀ. ಪ್ಲೈವುಡ್, ಒಳಗೆ ಮರದ ಪಟ್ಟಿ. ಪ್ರತಿ ಗೋಡೆಯೂ ನಾಲ್ಕು ಬೋಲ್ಟಿನಲ್ಲಿ ಕಳಚಿಬರಬೇಕು.

ಓಡುವ ಭಾವ ತರಲು ಇಡೀ ಚೌಕಟ್ಟನ್ನು ಅರ್ಧ ಗಾಳಿ ತುಂಬಿದ ಆರು ಲಾರಿ ಟ್ಯೂಬುಗಳ ಮೇಲೆ ಕೂರಿಸಿ, ಎರಡೂ ತುದಿಗೆ ಉದ್ದನೆಯ ಹಾರೆ ಕೊಟ್ಟು ಇಬ್ಬಿಬ್ಬರನ್ನು ನಿಲ್ಲಿಸಿ. ಓಲಾಟ 10ರಿಂದ 15 ಮಿ.ಮೀ. ಮೀರಬಾರದು. ಅದಕ್ಕಿಂತ ಹೆಚ್ಚಾದರೆ ದೋಣಿಯಂತಾಗುತ್ತದೆ. ಟ್ಯೂಬಿಗೆ ಪೂರ್ತಿ ಗಾಳಿ ತುಂಬಿದರೆ ಕುಣಿಯುತ್ತದೆ, ತೀರ ಕಡಿಮೆಯಾದರೆ ಒಂದೇ ಪಕ್ಕಕ್ಕೆ ವಾಲುತ್ತದೆ. ಕಲಾವಿದರು ತಾವಾಗಿ ತೂಗಾಡಬಾರದು. ಕೊಕ್ಕೆಗೆ ನೇತುಹಾಕಿದ ಚೀಲ, ಕೂಜದಲ್ಲಿನ ನೀರು ಅಲುಗಾಡಿದರೆ ನೋಡುವವರು ನಂಬುತ್ತಾರೆ. ರಾತ್ರಿಯ ದೃಶ್ಯಕ್ಕೆ ಕಿಟಕಿಯ ಹೊರಗೆ ಬೊಂಬಿನ ತುದಿಗೆ ಕಟ್ಟಿದ ಬಲ್ಬನ್ನು ಹಿಡಿದು ಹುಡುಗರು ಓಡಿದರೆ ಸ್ಟೇಷನ್ ದಾಟಿದಂತಾಗುತ್ತದೆ. ಹಗಲಿಗೆ ಎಲ್‌ಇಡಿ ಪರದೆ ಅಥವಾ ಗ್ರೀನ್ ಮ್ಯಾಟ್.

ಡಮ್ಮಿ ಇಂಜಿನ್ ಬೇರೆ ಲೆಕ್ಕ. ಮುಂಭಾಗ, ಒಂದು ಪಕ್ಕ, ಕ್ಯಾಬ್ ಇಷ್ಟನ್ನೇ ಕಟ್ಟುವುದು ಲೇಸು. ಬಾಯ್ಲರಿಗೆ ಪ್ರತಿ 60 ಸೆಂ.ಮೀ.ಗೊಂದು ಪ್ಲೈವುಡ್ ಬಳೆ, ಮೇಲೆ ಫೈಬರ್. ಪಿಒಪಿ ಲಾರಿಯಲ್ಲೇ ಬಿರುಕು ಬಿಡುತ್ತದೆ. ಗಾಲಿ ತಿರುಗಲೇಬೇಕೆಂದರೆ 1000 ಮಿ.ಮೀ. ಅಂತರದಲ್ಲಿ 50–60 ಮೀಟರ್ ತಾತ್ಕಾಲಿಕ ಹಳಿ ಹಾಕಿ, ಹಗ್ಗ ಕಟ್ಟಿ ಟ್ರ್ಯಾಕ್ಟರ್‌ನಿಂದ ಎಳೆಸಿ, 10 ಕಿ.ಮೀ. ವೇಗ ಮೀರದಂತೆ. ಹಿಂದೆಯೂ ಒಂದು ಹಗ್ಗ ಇರಲಿ, ಡಮ್ಮಿಗೆ ಬ್ರೇಕಿಲ್ಲ. ಇಲ್ಲಿ ಸದಾ ಕೆಡುವ ಜಾಗ ಒಂದೇ: ಎಡ ಮತ್ತು ಬಲ ಗಾಲಿಗಳ ಕ್ರ್ಯಾಂಕನ್ನು ಒಂದೇ ನೇರಕ್ಕೆ ಕೂರಿಸುತ್ತಾರೆ. ಆಗ ಸರಳುಗಳೆಲ್ಲ ಒಟ್ಟಿಗೆ ಅಡ್ಡ ಗೆರೆಗೆ ಬಂದ ಕ್ಷಣ ಗಾಲಿ ಎತ್ತ ತಿರುಗಬೇಕೆಂದು ತೋಚದೆ ಸಿಕ್ಕಿಕೊಂಡು ಸರಳು ಬಾಗುತ್ತದೆ. ನಿಜವಾದ ಇಂಜಿನ್ನಿನಲ್ಲಿ ಎರಡು ಪಕ್ಕದ ಕ್ರ್ಯಾಂಕುಗಳ ನಡುವೆ 90 ಡಿಗ್ರಿ ವ್ಯತ್ಯಾಸ ಇರುವುದು ಅದಕ್ಕೇ.

ಬಣ್ಣದ ವಿಚಾರದಲ್ಲಿ ತುಕ್ಕು ಹಚ್ಚುವ ಚಟ ಬಿಡಬೇಕು. ದುಡಿಯುತ್ತಿದ್ದ ಇಂಜಿನ್ ತುಕ್ಕು ಹಿಡಿದಿರಲಿಲ್ಲ, ಎಣ್ಣೆ ಹಿಡಿದಿತ್ತು. ಮಂಕು ಕಪ್ಪಿನ ಮೇಲೆ ಅಲ್ಲಲ್ಲಿ ಎಣ್ಣೆಯ ಹೊಳಪು, ಸರಳುಗಳಿಗೆ ಉಕ್ಕಿನ ಬಿಳುಪು, ಟೆಂಡರ್ ಅಂಚಿಗೆ ಕಲ್ಲಿದ್ದಲ ಪುಡಿ.

ಬೆಂಕಿಯ ವಿಚಾರವನ್ನು ಮೈಸೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. 1989ರ ಫೆಬ್ರವರಿಯಲ್ಲಿ ಪ್ರೀಮಿಯರ್ ಸ್ಟುಡಿಯೊದಲ್ಲಿ ಧಾರಾವಾಹಿಯೊಂದರ ಚಿತ್ರೀಕರಣದ ವೇಳೆ ಹೊತ್ತಿದ ಬೆಂಕಿಗೆ 62 ಜನ ಬಲಿಯಾದರು. ಬೋಗಿ ಸೆಟ್ ಅಂದರೆ ಇಕ್ಕಟ್ಟಾದ ಮರದ ಪೆಟ್ಟಿಗೆ, ಒಳಗೆ ಜೂನಿಯರ್ ಆರ್ಟಿಸ್ಟ್‌ಗಳು, ದೀಪ, ಹೊಗೆ. ಎರಡೂ ತುದಿಯ ಬಾಗಿಲು ತೆರೆದಿರಲಿ, ಕನಿಷ್ಠ ಒಂದು ಪಕ್ಕದ ಗೋಡೆ ಒಳಗಿನಿಂದ ತಳ್ಳಿದರೆ ಬೀಳುವಂತಿರಲಿ, ಗೋಣಿ, ಥರ್ಮಾಕೋಲ್ ದೀಪದಿಂದ ದೂರವಿರಲಿ.

ವಾರಕ್ಕೆರಡು ಸಲ ರೈಲಿನ ದೃಶ್ಯ ಬೇಕಾಗುವ ಧಾರಾವಾಹಿಗೆ ಗುಜರಿಗೆ ಬಂದ ಬೋಗಿಯನ್ನು ರೈಲ್ವೆ ಹರಾಜಿನಲ್ಲಿ ಕೊಳ್ಳುವ ಯೋಚನೆಯೂ ಬರುತ್ತದೆ. ಸಿಗುವುದು ಬ್ರಾಡ್ ಗೇಜ್ ಬೋಗಿ, ಆದ್ದರಿಂದ ಗೇಜ್ ಬದಲಾದ ನಂತರದ ಕಥೆಗೆ ಮಾತ್ರ. ಎರಡು ಕ್ರೇನ್, ಉದ್ದನೆಯ ಟ್ರೇಲರ್, ಅಗಲದ ಸರಕಿಗೆ ಬೇಕಾದ ರಸ್ತೆ ಅನುಮತಿ ಲೆಕ್ಕಕ್ಕೆ ಹಿಡಿಯಿರಿ. ಹಳೆಯ ಬೋಗಿಯ ಗೋಡೆಯೊಳಗೆ ಆಸ್ಬೆಸ್ಟಸ್ ಇರಬಹುದಾದ್ದರಿಂದ ಪರೀಕ್ಷಿಸದೆ ಗ್ರೈಂಡರ್ ಹಚ್ಚಬೇಡಿ.

ಈಗಿನ ಹಳಿ, ಮೇಲೆ ಗ್ರಾಫಿಕ್ಸ್

ಬೆಂಗಳೂರು–ಮೈಸೂರು ಮಾರ್ಗ ಜೋಡಿಯಾಗಿದೆ, ಮೇಲೆ 25,000 ವೋಲ್ಟ್‌ನ ತಂತಿಯಿದೆ. ಬೋಗಿಯ ಮೇಲೆ ಹತ್ತುವ ಯಾವ ಶಾಟೂ ಇಲ್ಲಿ ಸಾವಿಗೆ ಆಹ್ವಾನ. ತಂತಿ ಮುಟ್ಟಬೇಕೆಂದೇನಿಲ್ಲ, ಹತ್ತಿರ ಹೋದರೂ ಕರೆಂಟ್ ಹಾರುತ್ತದೆ. ಕಿಟಕಿಯಿಂದ ಹೊರನೋಟದ ಪ್ಲೇಟ್ (ಗ್ರಾಫಿಕ್ಸಿಗೆ ಹಿನ್ನೆಲೆಯಾಗುವ ಶಾಟ್) ತೆಗೆದರೆ ನೇರ ಹಾದಿಯಲ್ಲಿ ಕಂಬಗಳ ಅಂತರ ಗರಿಷ್ಠ 72 ಮೀಟರ್, ಅಂದರೆ 40 ಕಿ.ಮೀ. ವೇಗದಲ್ಲಿ ಆರೂವರೆ ಸೆಕೆಂಡಿಗೊಂದು ಕಂಬ ಅಳಿಸಬೇಕು. ಅದು ತಾಳಬಹುದಾದ ಕೆಲಸ. ತಲೆನೋವು ನೆಲದಲ್ಲಿದೆ: ಕಾಂಕ್ರೀಟ್ ಸ್ಲೀಪರ್, ಹೊಸ ಜಲ್ಲಿ, ಎತ್ತರದ ಪ್ಲಾಟ್‌ಫಾರ್ಮ್. ಆಗಿನ ಸಣ್ಣ ಸ್ಟೇಷನ್‌ಗಳ ಪ್ಲಾಟ್‌ಫಾರ್ಮ್ ಹಳಿಯ ಮಟ್ಟಕ್ಕೇ ಇರುತ್ತಿತ್ತು, ಮೆಟ್ಟಿಲು ಹಿಡಿದು ಮೇಲೇರಬೇಕಿತ್ತು.

ಹಾಗಾಗಿ ಇಂದಿನ ಸ್ಟೇಷನ್‌ಗಿಂತ ಹಳಿಯೇ ಇಲ್ಲದ ಜಾಗ ಮೇಲು. ನಂಜನಗೂಡಿನ ಕಪಿಲೆಯ ಮೇಲಿನ, 1735ರದೆಂದು ಹೇಳುವ ಹಳೆಯ ಸೇತುವೆಯ ಮೇಲೆ ಗೇಜ್ ಬದಲಾಗುವವರೆಗೂ ಮೀಟರ್ ಗೇಜ್ ರೈಲು ಓಡುತ್ತಿತ್ತು. ಅನುಮತಿ ಪಡೆದು ಖಾಲಿ ಸೇತುವೆಯ ಪ್ಲೇಟ್ ತೆಗೆದು ಅದರ ಮೇಲೆ ಗ್ರಾಫಿಕ್ಸ್ ಬಂಡಿ ಓಡಿಸಿದರೆ ಜಾಗವೂ ನಿಜ, ಗೇಜೂ ನಿಜ.

ರೈಲ್ವೆಯ ಯಾವುದೇ ಜಾಗಕ್ಕೆ ಒಂದೇ ವಲಯವಾದರೆ ಆ ವಲಯದ ಮುಖ್ಯ ಸಾರ್ವಜನಿಕ ಸಂಪರ್ಕಾಧಿಕಾರಿಗೆ ಅರ್ಜಿ: ಮೈಸೂರು, ಮಂಡ್ಯಕ್ಕೆ ಹುಬ್ಬಳ್ಳಿಯ ನೈಋತ್ಯ ರೈಲ್ವೆ, ನೀಲಗಿರಿಗೆ ಚೆನ್ನೈನ ದಕ್ಷಿಣ ರೈಲ್ವೆ, ರೇವಾರಿ ಶೆಡ್ಡಿಗೆ ದೆಹಲಿಯ ಉತ್ತರ ರೈಲ್ವೆ. ಒಂದಕ್ಕಿಂತ ಹೆಚ್ಚು ವಲಯವಾದರೆ ರೈಲ್ವೆ ಮಂಡಳಿ. ಸ್ಕ್ರಿಪ್ಟ್, ದಿನಾಂಕ, ಜನರ ಸಂಖ್ಯೆ, ಸಲಕರಣೆಯ ಪಟ್ಟಿ, ವಿಮೆ ಸಿದ್ಧವಿರಲಿ. ಛಾವಣಿ ಪ್ರಯಾಣ, ಹಳಿ ದಾಟುವುದು, ಅಪಘಾತ ಇದ್ದರೆ ಅರ್ಜಿಯಲ್ಲೇ ತಿಳಿಸಿ. ಸ್ಥಳದಲ್ಲಿ ಸೇರಿಸಿಕೊಂಡರೆ ಶೂಟಿಂಗ್ ಅಲ್ಲಿಗೇ ನಿಲ್ಲುತ್ತದೆ.

ಬೋರ್ಡು ಮತ್ತು ಚೀಟಿ

ಸದರ್ನ್ ರೈಲ್ವೆ ಹುಟ್ಟಿದ್ದು 1951ರ ಏಪ್ರಿಲ್ 14ರಂದು. 1948ರ ಕಥೆಯ ಬೋಗಿಯ ಮೇಲೆ ಅದರ ಹೆಸರು ಬರಬಾರದು. ಮೂರನೇ ದರ್ಜೆ 1974ರವರೆಗೆ ಇತ್ತು. ಪಾಂಡವಪುರ ಸ್ಟೇಷನ್ನಿಗೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಒಂದು ಬೋರ್ಡಿನಲ್ಲೇ ಕಾಲ ಹೇಳಿಬಿಡುತ್ತದೆ. ಟಿಕೆಟ್ ದಪ್ಪ ರಟ್ಟಿನದು, ಸುಮಾರು 57×31 ಮಿ.ಮೀ. ಒಂಟಿ ಹಾದಿಯಾದ್ದರಿಂದ ಓಡುವ ಇಂಜಿನ್ನಿನಿಂದ ಕೈಚಾಚಿ, ಮುಂದಿನ ಹಾದಿ ಖಾಲಿ ಎನ್ನುವ ಗುರುತಿನ ಟೋಕನ್ ಬಳೆ ಹಿಡಿಯುವ ಶಾಟ್ ಇಟ್ಟರೆ ಅದರ ಮುಂದೆ ಎಷ್ಟು ಗ್ರಾಫಿಕ್ಸೂ ಸಪ್ಪೆ.

ಸದ್ದು

ಎರಡು ಸಿಲಿಂಡರಿನ ಇಂಜಿನ್ ಗಾಲಿಯ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡುತ್ತದೆ. ವೈಪಿಯ ದೊಡ್ಡ ಗಾಲಿಯ ಸುತ್ತಳತೆ 4.3 ಮೀಟರ್. ಹಾಗಾಗಿ 10 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎರಡೂವರೆ, 20ಕ್ಕೆ ಐದು, 40ಕ್ಕೆ ಹತ್ತು ಛುಕ್. ಹತ್ತರ ಹೊತ್ತಿಗೆ ಬಿಡಿ ಸದ್ದು ಕೇಳಿಸದೆ ಒಂದೇ ಗುರುಗುಟ್ಟುವಿಕೆ ಆಗುತ್ತದೆ. ಓಡುವ ಬಂಡಿಗೆ ನಿಧಾನದ ಛುಕ್‌ಛುಕ್ ಅಂಟಿಸುವುದು ನಮ್ಮ ಡಬ್ಬಿಂಗ್ ಕೋಣೆಗಳ ಹಳೇ ರೋಗ. 12 ಮೀಟರ್ ಹಳಿಯಾದರೆ 40 ಕಿ.ಮೀ. ವೇಗದಲ್ಲಿ ಜೋಡಣೆಯ ಟಕ್‌ಟಕ್ 1.1 ಸೆಕೆಂಡಿಗೊಮ್ಮೆ. ಈಗಿನ ಹಳಿ ಉದ್ದಕ್ಕೂ ಬೆಸೆದಿರುವುದರಿಂದ ಈ ಸದ್ದು ಇಂದಿನ ರೈಲಿನಲ್ಲಿ ರೆಕಾರ್ಡ್ ಮಾಡಿದರೆ ಸಿಗುವುದಿಲ್ಲ.

ಛುಕ್ ಸದ್ದನ್ನು ನೀಲಗಿರಿಯಲ್ಲಿ ತೆಗೆಯಬಹುದು, ಆದರೆ ಕಲ್ಲಾರ್‌ನ ಕೆಳಗೆ ಮಾತ್ರ. ಹಲ್ಲುಪಟ್ಟಿ ಶುರುವಾದ ಮೇಲೆ ಇನ್ನೆರಡು ಸಿಲಿಂಡರ್ ಸೇರಿ ಲಯ ಕಲಸಿಹೋಗುತ್ತದೆ. ಆ ಇಂಜಿನ್ನಿನ ಗಾಲಿ ಚಿಕ್ಕದಾದ್ದರಿಂದ ಅದೇ ವೇಗಕ್ಕೆ ಉಸಿರು ಹೆಚ್ಚು. ವೈಪಿಗೆ ಹೊಂದಿಸುವಾಗ ಸದ್ದನ್ನು ಎಳೆದು ನಿಧಾನ ಮಾಡಬೇಡಿ, ದನಿ ದಪ್ಪಗಾಗಿ ಸಿಕ್ಕಿಬೀಳುತ್ತೀರಿ. ಬಂಡಿ ಇನ್ನೂ ನಿಧಾನಕ್ಕೆ ಹೊರಡುವ ತುಣುಕನ್ನೇ ಆರಿಸಿಕೊಳ್ಳಿ.